ಸುಮಿತ್ರಾ ಹೇಳಿದ ಬೆಲೆ

ಮೊದಲ ಗಿರಾಕಿ ಬೆಲೆ ಕೇಳಿದ್ದು ಸುಮಿತ್ರಾ ಅವರನ್ನಲ್ಲ, ಅವರ ಗಂಡ ಜಯಸಿಂಹ ಅವರನ್ನು. ೧೯೮೩ರ ಒಂದು ಭಾನುವಾರ, ಮುಂಬಯಿಯ ಸಯನ್ನಿನಲ್ಲಿದ್ದ ಅವರ ಮನೆಗೆ ಘಾಟ್ಕೋಪರಿನ ಮಸಾಲೆ ವ್ಯಾಪಾರಿಯೊಬ್ಬ ಬಂದು, ತನ್ನ ಡಬ್ಬಿಗೆ ಅಂಟಿಸುವ ಲೇಬಲ್ಲಿನ ಚಿತ್ರವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಹಳ ಚೆನ್ನಾಗಿದೆ ಅಂದ. ಆಮೇಲೆ ಪೇಪರು ಓದುತ್ತಿದ್ದ ಜಯಸಿಂಹ ಅವರ ಕಡೆ ತಿರುಗಿ "ಕಿತನಾ ದೇನೇ ಕಾ, ಸಾಬ್?" ಎಂದು ಕೇಳಿದ.

ಜಯಸಿಂಹ ಫೋರ್ಟಿನ ವಿಮಾ ಕಚೇರಿಯಲ್ಲಿ ಗುಮಾಸ್ತರು. ಲೇಬಲ್ಲಿಗೆ ಎಷ್ಟು ಕೇಳಬೇಕು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಸಂಕೋಚದಿಂದ "ನಿಮಗೆ ತೋಚಿದ್ದು ಕೊಡಿ" ಅಂದುಬಿಟ್ಟರು. ವ್ಯಾಪಾರಿ ಐವತ್ತು ರೂಪಾಯಿ ಮೇಜಿನ ಮೇಲಿಟ್ಟು, ಜೊತೆಗೆ ಒಂದು ಡಬ್ಬಿ ಪಾವ್‌ಭಾಜಿ ಮಸಾಲೆಯನ್ನೂ ಇಟ್ಟು ಹೋದ. ಸುಮಿತ್ರಾ ಆ ಲೇಬಲ್ಲಿಗಾಗಿ ಒಂದು ವಾರ ಕೂತಿದ್ದರು.

ಇದನ್ನು ನನಗೆ ಹೇಳಿದವರು ಅವರೇ. ಆ ಲೇಬಲ್ಲು ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲಿ. ನಾನು ಹುಬ್ಬಳ್ಳಿ ಕಡೆಯವನು. ಸಯನ್ ಸ್ಟೇಷನ್ನಿನ ಹತ್ತಿರದ ಆ ಪ್ರೆಸ್ಸಿನ ಮಷೀನು, ಲೆಕ್ಕ ಎರಡನ್ನೂ ಆಗ ನೋಡಿಕೊಳ್ಳುತ್ತಿದ್ದೆ. ಸುಮಿತ್ರಾ ಮೈಸೂರಿನಲ್ಲಿ ಚಿತ್ರಕಲೆಯ ಡಿಪ್ಲೊಮಾ ಮಾಡಿ, ಮದುವೆಯಾಗಿ ಮುಂಬಯಿಗೆ ಬಂದವರು. ಒಂದು ಜಾಹೀರಾತು ಕಂಪನಿಯಲ್ಲಿ ನಾಲ್ಕು ವರ್ಷ ಅಕ್ಷರ ಬರೆಯುವ, ಚಿತ್ರ ಅಂಟಿಸುವ ಕೆಲಸ ಮಾಡಿದ್ದರು. ಮಗಳು ವಿಮಲಾ ಹುಟ್ಟಿದ ಮೇಲೆ ಆ ಕೆಲಸ ಬಿಟ್ಟು, ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಡ್ರಾಯಿಂಗ್ ಬೋರ್ಡು ಹಾಕಿಕೊಂಡು ಸ್ವಂತವಾಗಿ ಲೇಬಲ್ಲು, ಲೆಟರ್‌ಹೆಡ್ಡು, ವಿಸಿಟಿಂಗ್ ಕಾರ್ಡುಗಳನ್ನು ಮಾಡಿಕೊಡತೊಡಗಿದರು. ಮಿತಭಾಷಿ. ಗೆರೆ ಮಾತ್ರ ಬಹಳ ಖಚಿತ. ಅವರು ತಂದ ಚಿತ್ರವನ್ನು ಅಚ್ಚಿನ ಪ್ಲೇಟಿಗೆ ಹಾಕುವ ಮುಂಚೆ ತಿದ್ದಬೇಕಾದ ಪ್ರಸಂಗ ನಮಗೆ ಬಂದದ್ದು ನೆನಪಿಲ್ಲ.

ಮಸಾಲೆಯ ಪ್ರಸಂಗವಾದ ಮೇಲೆ ಒಂದು ದಿನ ಪ್ರೆಸ್ಸಿಗೆ ಬಂದವರು ನೇರವಾಗಿ ಕೇಳಿದರು. "ಸಿದ್ದರಾಮಪ್ಪನವರೇ, ನೀವು ಬೆಲೆ ಹೇಗೆ ಕಟ್ತೀರಿ?"

"ನಮ್ಮದು ಸರಳ ಐತ್ರಿ ಅಕ್ಕಾರ," ಅಂದೆ. "ಕಾಗದ ಎಷ್ಟು, ಶಾಯಿ ಎಷ್ಟು, ಮಷೀನು ಎಷ್ಟು ಹೊತ್ತು ತಿರುಗತೈತಿ. ಅದರ ಮ್ಯಾಲೆ ನಮ್ಮವು ನಾಕು ಕಾಸು. ನೀವೂ ಹಂಗ ಮಾಡ್ರಿ."

ಅವರು ಹಾಗೇ ಮಾಡಿದರು. ಕಂಪನಿಯಲ್ಲಿ ತಮಗೆ ಬರುತ್ತಿದ್ದ ಸಂಬಳವನ್ನು ಗಂಟೆಗಳಿಂದ ಭಾಗಿಸಿ, ಗಂಟೆಗೆ ಇಷ್ಟು ಎಂದು ಗೊತ್ತುಮಾಡಿಕೊಂಡರು. ಒಂದೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಒಮ್ಮೆ, ಒಣಗುತ್ತಿದ್ದ ಹಾಳೆಗಳ ಪಕ್ಕದಲ್ಲಿ ನಿಂತು ನಕ್ಕರು.

"ಕೈ ಪಳಗಿದಷ್ಟೂ ನನ್ನ ಸಂಪಾದನೆ ಕಡಿಮೆ ಆಗ್ತಿದೆ ಕಣ್ರೀ. ಮೊದಲು ವಾರ ಹಿಡೀತಿದ್ದ ಕೆಲಸ ಈಗ ಎರಡು ದಿನಕ್ಕೆ ಮುಗಿಯುತ್ತೆ. ಮೊದಲಿಗಿಂತ ಚೆನ್ನಾಗೂ ಬರುತ್ತೆ. ದುಡ್ಡು ಮಾತ್ರ ಎರಡೇ ದಿನದ್ದು. ಹಾಗಾದ್ರೆ ನಾನು ಬೇಕೂಂತ ನಿಧಾನ ಮಾಡಬೇಕಾ?"

ನಮ್ಮ ಮಷೀನು ಹೊಸದಾದರೂ ಹಳೆಯದಾದರೂ ಹಾಳೆಯ ದರ ಹಾಳೆಗೇ. ಅವರದು ಬೇರೆ ಜಾತಿಯ ಕೆಲಸ.

ಗಂಟೆಯ ಲೆಕ್ಕ ಬಿಟ್ಟು, ಲೆಟರ್‌ಹೆಡ್ಡಿಗೆ ಇಷ್ಟು, ಲೇಬಲ್ಲಿಗೆ ಇಷ್ಟು ಎಂದು ಕೆಲಸಕ್ಕೊಂದು ದರ ಇಟ್ಟರು. ಅದೂ ಪೂರ್ತಿ ಸರಿಹೋಗಲಿಲ್ಲ. ಸಯನ್ನಿನ ಒಬ್ಬ ಡಾಕ್ಟರು ಲೆಟರ್‌ಹೆಡ್ಡು ನೋಡಿದ ಕೂಡಲೇ ಒಪ್ಪಿಕೊಂಡು ಕಾಫಿ ತರಿಸಿದರು. ಬಣ್ಣದ ಕಂಪನಿಯೊಂದು ಅಷ್ಟೇ ದುಡ್ಡಿಗೆ ಅಷ್ಟೇ ದೊಡ್ಡ ಲೆಟರ್‌ಹೆಡ್ಡನ್ನು ತಿಂಗಳುಗಟ್ಟಲೆ ತಿದ್ದಿಸಿತು. ಸೇಲ್ಸ್ ಮ್ಯಾನೇಜರಿಗೆ ಹಿಡಿಸಿದ್ದು ಮಾಲೀಕನಿಗೆ ಹಿಡಿಸದು. ಮಾಲೀಕ ಒಪ್ಪಿದರೆ ಅವನ ಭಾವಮೈದುನ ಒಪ್ಪ. ಅಂದಿನಿಂದ ಸುಮಿತ್ರಾ ಒಂದು ಮಾತನ್ನು ಮೊದಲೇ ಹೇಳತೊಡಗಿದರು: ಅರ್ಧ ದುಡ್ಡು ಮುಂಗಡ, ಎರಡು ಸಲ ತಿದ್ದಿಕೊಡುತ್ತೇನೆ, ಮೂರನೆಯ ಸಲಕ್ಕೆ ಬೇರೆ ದುಡ್ಡು. ಹೇಳುವಾಗ ಕಿವಿ ಕೆಂಪಾಗುತ್ತಿತ್ತಂತೆ. ಗಿರಾಕಿಯ ಮುಖ ನೋಡುತ್ತಿರಲಿಲ್ಲವಂತೆ.

೧೯೮೭ರಲ್ಲಿ ದೂಜಣ್ಣ ಬಂದರು. ಕಾರ್ಕಳದ ಕಡೆಯವರು. ಹದಿಮೂರರ ವಯಸ್ಸಿಗೆ ಮುಂಬಯಿಗೆ ಬಂದು ಲೋಟ ತೊಳೆದು, ಮಾಣಿಯಾಗಿ, ಕ್ಯಾಂಟೀನು ನಡೆಸಿ, ಈಗ ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ ದೊಡ್ಡ ಹೋಟೆಲೊಂದನ್ನು ತೆರೆಯುವ ತಯಾರಿಯಲ್ಲಿದ್ದರು. ಜೊತೆಯಲ್ಲಿ ತಮ್ಮ ಶೇಖರ. ಅಣ್ಣನಿಗಿಂತ ಹದಿನೈದು ವರ್ಷ ಚಿಕ್ಕವನು, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು. ಹೋಟೆಲಿಗೆ 'ಪರ್ಣ' ಎಂಬ ಹೆಸರು ಹುಡುಕಿದವನು ಅವನೇ. ಗುಜರಾತಿಯವರೂ ಮರಾಠಿಯವರೂ ತಡವರಿಸದೆ ಹೇಳಬಹುದಾದ ಹೆಸರು, ನಮ್ಮ ಊಟದೆಲೆಯ ನೆನಪೂ ಅದರಲ್ಲಿದೆ ಎಂಬುದು ಅವನ ವಿಚಾರ.

ಸುಮಿತ್ರಾ ಆ ಜಾಗಕ್ಕೆ ಹೋಗಿ ಒಂದು ಮಧ್ಯಾಹ್ನವೆಲ್ಲ ಎದುರಿನ ಫುಟ್‌ಪಾತಿನಲ್ಲಿ ನಿಂತರು. ಸ್ಟೇಷನ್ನಿನಿಂದ ಇಳಿದ ಜನ ಯಾವ ಕಡೆ ನೋಡಿಕೊಂಡು ನಡೆಯುತ್ತಾರೆ, ಯಾವ ಬೋರ್ಡು ಅವರ ಕಣ್ಣಿಗೆ ಬೀಳುತ್ತದೆ ಎಂದು ಗಮನಿಸಿದರು. ಇನ್ನೊಂದು ದಿನ ದೂಜಣ್ಣನ ಹಳೆಯ ಕ್ಯಾಂಟೀನಿಗೆ ಹೋಗಿ ಕೂತು, ಗೋಡೆಯ ಮೇಲಿನ ತಿಂಡಿಗಳ ಉದ್ದನೆಯ ಪಟ್ಟಿಯನ್ನು ಯಾರೂ ಓದುವುದಿಲ್ಲ, ಎಲ್ಲರೂ ಮಾಣಿಯನ್ನೇ ಕೇಳುತ್ತಾರೆ ಎಂಬುದನ್ನು ಕಂಡುಕೊಂಡರು. ಬೋರ್ಡು, ಮೆನು ಕಾರ್ಡು, ಪಾರ್ಸೆಲ್ ಕಟ್ಟುವ ಕಾಗದ, ಬಿಲ್ಲು, ಎಲ್ಲಕ್ಕೂ ಒಂದೇ ಗುರುತು ಬೇಕು ಎಂದು ಹೇಳಿ ಆರು ಸಾವಿರ ಎಂದರು.

ದೂಜಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. "ಆರು ಸಾವಿರವಾ? ಎಂತ ಸುಮಿತ್ರಮ್ಮ, ಒಂದು ಫ್ರಿಜ್ಜು ಬರ್ತದಲ್ಲ ಮಾರಾಯ್ರೆ! ಪೈಂಟರಿನವ ಚದರಡಿ ಲೆಕ್ಕದಲ್ಲಿ ಬರೀತಾನೆ."

"ಅವನು ಬರೀತಾನೆ ದೂಜಣ್ಣ. ಏನು ಬರೀಬೇಕು ಅನ್ನೋದನ್ನ ಯಾರಾದ್ರೂ ಯೋಚನೆ ಮಾಡಬೇಕಲ್ಲ. ನಾನು ಕೇಳ್ತಿರೋದು ಅದಕ್ಕೆ."

ಶೇಖರ ಅಣ್ಣನಿಗೆ ತುಳುವಿನಲ್ಲಿ ಏನೋ ಹೇಳಿದ. ಕಡೆಗೆ ನಾಲ್ಕೂವರೆ ಸಾವಿರಕ್ಕೆ ಮಾತಾಯಿತು. ಆ ಇಳಿಸಿದ ದುಡ್ಡಿನ ಬಗ್ಗೆ ಸುಮಿತ್ರಾ ಬಹಳ ದಿನ ಕೊರಗಿದರು. ದುಡ್ಡು ಹೋಯಿತೆಂದಲ್ಲ. "ಒಂದೂವರೆ ಸಾವಿರ ಬಿಟ್ಟೆ, ಕೆಲಸದಲ್ಲಿ ಒಂದು ಗೆರೆಯನ್ನೂ ಬಿಡಲಿಲ್ಲ. ಹಾಗಾದ್ರೆ ಮೊದಲು ಹೇಳಿದ್ದು ಸುಳ್ಳು ಬೆಲೆ ಅಂತಲೇ ಅವರು ತಿಳ್ಕೋತಾರೆ," ಅಂದರು. ಇನ್ನು ಮುಂದೆ ಯಾರಾದರೂ ದರ ಇಳಿಸು ಎಂದರೆ ಕೆಲಸವನ್ನೂ ಅಷ್ಟು ಇಳಿಸುವುದು, ಬೋರ್ಡು ಬೇಡವೆಂದರೆ ಬಿಡುವುದು, ಮೆನು ಬೇಡವೆಂದರೆ ಬಿಡುವುದು ಎಂದು ತೀರ್ಮಾನ ಮಾಡಿಕೊಂಡರು.

ಗುರುತು ಮಾತ್ರ ಚೆನ್ನಾಗಿ ಬಂತು. ತುದಿ ಬಾಳೆಎಲೆಯೊಂದು, ಅದರ ನಡುನರವೇ ದೇವನಾಗರಿ ಅಕ್ಷರಗಳ ತಲೆಗೆರೆ. ಸ್ಟೇಷನ್ನಿನ ಸೇತುವೆಯ ಮೇಲಿಂದಲೂ ಕಾಣುತ್ತಿತ್ತು. ಮೆನುವನ್ನು ಅರ್ಧಕ್ಕೆ ಇಳಿಸಿ, ನೀರುದೋಸೆಯನ್ನು ಎಲ್ಲಕ್ಕಿಂತ ಮೇಲೆ ಹಾಕಿಸಿದ್ದರು. ಹೋಟೆಲು ತುಂಬಿ ತುಳುಕಿತು. ಅದಕ್ಕೆ ಕಾರಣ ಎಲೆಯೋ, ನೀರುದೋಸೆಯೋ, ಜಾಗವೋ ಎಂದು ಬಿಡಿಸಿ ಹೇಳುವುದು ಕಷ್ಟ. ಸುಮಿತ್ರಾ ಕೂಡ ಹೇಳಿಕೊಳ್ಳಲಿಲ್ಲ.

ಎರಡು ವರ್ಷದ ಮೇಲೆ ಅವರು ಮುಲುಂಡಿನಲ್ಲಿ ಒಂದು ಫ್ಲ್ಯಾಟು ಬುಕ್ ಮಾಡಿದರು. ಕಟ್ಟಡ ಎಲ್ಲಿಗೆ ಬಂತೆಂದು ನೋಡಲು ಗಂಡ ಹೆಂಡತಿ ಒಂದು ದಿನ ಲೋಕಲ್ ಹತ್ತಿ ಹೋದರು. ಸ್ಟೇಷನ್ನಿನ ಹೊರಗೆ ಬಂದರೆ ಎದುರಿಗೇ ಅದೇ ಎಲೆ, ಅದೇ ನರ, ಅದೇ ಅಕ್ಷರ. ದೂಜಣ್ಣ ಎರಡನೇ ಹೋಟೆಲು ತೆರೆದಿದ್ದರು. ಥಾಣೆಯಲ್ಲಿ ಮೂರನೆಯದಕ್ಕೆ ಬಾಡಿಗೆ ಮಾತಾಗಿತ್ತು.

"ಇದರಲ್ಲಿ ತಪ್ಪೇನಿದೆ ಸುಮಿತ್ರಾ?" ಎಂದರು ಜಯಸಿಂಹ. "ದುಡ್ಡು ಕೊಟ್ಟು ತಗೊಂಡ್ರಲ್ಲ."

"ಅವರು ತಗೊಂಡಿದ್ದು ಒಂದು ಹೋಟ್ಲಿಗೆ ರೀ."

ಅವರು ಸುಮ್ಮನಾಗಲಿಲ್ಲ. ಮಾರನೆಯ ವಾರ ಘಾಟ್ಕೋಪರಿಗೆ ಹೋಗಿ ಗಲ್ಲಾದ ಮುಂದೆ ನಿಂತು ಕೇಳಿದರು. ದೂಜಣ್ಣ ಸಿಟ್ಟಾಗಲಿಲ್ಲ. ಕೂರಿಸಿ, ಕಾಫಿ ಕೊಡಿಸಿ, ನಿಜಕ್ಕೂ ಅರ್ಥವಾಗದವರ ಹಾಗೆ ಕೇಳಿದರು.

"ಅಲ್ಲ ಸುಮಿತ್ರಮ್ಮ, ನಾನೊಂದು ಅಂಗಿ ಹೊಲಿಸ್ತೇನೆ. ಅದನ್ನು ಹಾಕಿಕೊಂಡು ಮೂರು ಮದುವೆಗೆ ಹೋಗ್ತೇನೆ. ಮೂರು ಮದುವೆಗೂ ದರ್ಜಿಗೆ ದುಡ್ಡು ಕೊಡ್ಲಿಕ್ಕುಂಟಾ?"

"ಅದು ಒಂದೇ ಅಂಗಿ ದೂಜಣ್ಣ. ನೀವು ನನ್ನ ಅಳತೆ ಇಟ್ಕೊಂಡು ಮೂರು ಅಂಗಿ ಹೊಲಿಸಿದ್ದೀರಿ."

"ಅಳತೆ ನಿಮ್ಮದಾ? ಮೈ ನಂದಲ್ವಾ?"

ಸುಮಿತ್ರಾ ಕಾಫಿ ಕುಡಿದು ಎದ್ದು ಬಂದರು. ಪ್ರೆಸ್ಸಿಗೆ ಬಂದು ನನಗೆ ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಅವಮಾನಕ್ಕಿಂತ ಹೆಚ್ಚಾಗಿ ಏನೋ ಯೋಚನೆಯಿತ್ತು. "ಅವರ ಮಾತಲ್ಲಿ ನ್ಯಾಯ ಇದೆ. ಒಂದೇ ಹೋಟ್ಲಿಗೆ ಅಂತ ನಾನು ಮನಸ್ಸಲ್ಲಿ ಅಂದ್ಕೊಂಡೆ, ಬಾಯಿ ಬಿಟ್ಟು ಹೇಳಲಿಲ್ಲ. ನನ್ನ ಮನಸ್ಸಲ್ಲಿರೋದು ಅವರಿಗೆ ಹೇಗೆ ಗೊತ್ತಾಗಬೇಕು?"

ಆಮೇಲೆ ಬಂದ ಗಿರಾಕಿಗಳಿಗೆಲ್ಲ ಅವರು ಕೆಲಸ ಶುರುವಾಗುವ ಮುಂಚೆಯೇ ಕೇಳತೊಡಗಿದರು. ಇದನ್ನು ಎಲ್ಲೆಲ್ಲಿ ಹಾಕುತ್ತೀರಿ? ಒಂದು ಅಂಗಡಿಗೋ, ಹತ್ತಕ್ಕೋ? ಎಷ್ಟು ಜನ ನೋಡುತ್ತಾರೆ? ಇದರಿಂದ ನಿಮಗೆ ಏನಾಗಬೇಕು? ಉತ್ತರ ಕೇಳಿ ಬೆಲೆ ಹೇಳುವರು. ಒಂದೇ ಅಳತೆಯ ಗುರುತಿಗೆ ಸಣ್ಣ ಕಿರಾಣಿಯವನಿಗೆ ಒಂದು ಬೆಲೆ, ಪಂಪು ಮಾಡುವ ಕಾರ್ಖಾನೆಗೆ ಅದರ ಹತ್ತರಷ್ಟು. ನಾನು "ಇದು ಮುಖ ನೋಡಿ ಮಣೆ ಹಾಕಿದಂಗ ಆತಲ್ರಿ ಅಕ್ಕಾರ," ಅಂದೆ. "ಮುಖ ನೋಡ್ತಿಲ್ಲ, ಕೆಲಸ ನೋಡ್ತಿದ್ದೀನಿ. ಕಾರ್ಖಾನೆಯವರ ಗುರುತು ಕೆಟ್ಟರೆ ಸಾವಿರಾರು ಪಂಪಿನ ಮೇಲೆ ಕೆಡುತ್ತೆ. ಆ ಭಾರ ನನ್ನ ತಲೆ ಮೇಲಿದೆ," ಅಂದರು. ನನಗೆ ಆಗ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಗಿರಾಕಿಗಳಿಗೂ ಆಗಲಿಲ್ಲ. ಮನೆಯಲ್ಲಿ ಕೂತು ಮಾಡುವ ಹೆಂಗಸು, ಇಷ್ಟು ಪ್ರಶ್ನೆ, ಇಷ್ಟು ಬೆಲೆ! ಹಳಬರು ಒಬ್ಬೊಬ್ಬರಾಗಿ ಕಳಚಿಕೊಂಡರು. ಸುಮಾರು ಅರ್ಧ ವರ್ಷ ಅವರ ಡ್ರಾಯಿಂಗ್ ಬೋರ್ಡಿನ ಮೇಲೆ ಕೆಲಸವೇ ಇರಲಿಲ್ಲ. ಫ್ಲ್ಯಾಟಿನ ಕಂತು ಮಾತ್ರ ನಿಲ್ಲಲಿಲ್ಲ. ಜಯಸಿಂಹ ಎಂದೂ ಗದರಿದವರಲ್ಲ, ಆದರೆ ಒಂದು ದಿನ ಊಟದ ಹೊತ್ತಿಗೆ, "ಹಳೇ ದರಕ್ಕೇ ಮಾಡಿಕೊಡಬಾರದಾ?" ಎಂದರು. ಸುಮಿತ್ರಾ ಬಳೆಗಳನ್ನು ಬ್ಯಾಂಕಿನಲ್ಲಿಟ್ಟು ಕಂತು ಕಟ್ಟಿದರು. ದರ ಇಳಿಸಲಿಲ್ಲ. ನಿದ್ದೆ ಬರುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ತಾನು ಮೊಂಡುತನ ಮಾಡುತ್ತಿದ್ದೇನೋ, ಸರಿಯಾದದ್ದನ್ನೇ ಮಾಡುತ್ತಿದ್ದೇನೋ ತಿಳಿಯದೆ ಹೋಗುತ್ತಿತ್ತಂತೆ.

ಕಡೆಗೆ ಆ ಪಂಪಿನ ಕಾರ್ಖಾನೆಯೇ ಒಪ್ಪಿಕೊಂಡಿತು. ಅದರಿಂದ ಇನ್ನೊಂದು ಕಂಪನಿ, ಅಲ್ಲಿಂದ ಮತ್ತೊಂದು. ಬಳೆಗಳು ಮನೆಗೆ ಬಂದವು. ಅಷ್ಟರಲ್ಲಿ ಊರಿನ ಗಲ್ಲಿಗಲ್ಲಿಗಳಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿಕೊಡುವ ಅಂಗಡಿಗಳು ತೆರೆದುಕೊಂಡವು. ಸುಮಿತ್ರಾ ಮೊದಲು ಇಟ್ಟಿದ್ದ ದರದ ಕಾಲುಭಾಗಕ್ಕೆ, ಒಂದು ಗಂಟೆಯೊಳಗೆ ಲೆಟರ್‌ಹೆಡ್ಡು ಸಿಗತೊಡಗಿತು. ಕೈಯಲ್ಲಿ ಅಕ್ಷರ ಬರೆಯುತ್ತಿದ್ದ ನಮ್ಮ ಪರಿಚಯದ ಎಷ್ಟೋ ಜನ ಬ್ರಷ್ಷು ತೊಳೆದಿಟ್ಟರು. ಸುಮಿತ್ರಾ ಅವರ ಸಣ್ಣ ಕೆಲಸಗಳೂ ಹೋದವು. ದೊಡ್ಡವು ಉಳಿದವು. ಅವರೂ ಆ ಅಂಗಡಿಗಳಿಗೇ ಹೋಗಿ, ಆಪರೇಟರಿನ ಪಕ್ಕ ಕೂತು, ಹೀಗೆ ಮಾಡಪ್ಪಾ, ಇಷ್ಟು ಸರಿಸು ಎಂದು ಹೇಳಿ ಮಾಡಿಸಿಕೊಳ್ಳುವುದನ್ನು ಕಲಿತರು.

೧೯೯೧ರಲ್ಲಿ ದೂಜಣ್ಣನಿಗೂ ಶೇಖರನಿಗೂ ಪಾಲಾಯಿತು. ಯಾಕೆಂದು ನನಗೆ ಗೊತ್ತಿಲ್ಲ. ಶೇಖರನ ಮದುವೆಯಾದ ಮೇಲೆ ಶುರುವಾಯಿತು ಎಂದು ಹೇಳುವವರಿದ್ದರು. ಮುಲುಂಡಿನ ಹೋಟೆಲು ಶೇಖರನಿಗೆ ಬಂತು, ಘಾಟ್ಕೋಪರ್ ಮತ್ತು ಥಾಣೆಯವು ಅಣ್ಣನಿಗೆ ಉಳಿದವು. ಜಾಗ, ಪಾತ್ರೆ, ಫ್ರಿಜ್ಜು ಎಲ್ಲ ಹಂಚಿದ ಮೇಲೆ ಹಂಚಲಾಗದೆ ಉಳಿದದ್ದು ಹೆಸರು ಮತ್ತು ಎಲೆ. ಎರಡೂ ತನ್ನವೆಂದು ದೂಜಣ್ಣ. ಹೆಸರು ಹುಡುಕಿದವನು ನಾನು ಎಂದು ಶೇಖರ. ಊರಿನ ನಾಲ್ಕು ಜನ ಹಿರಿಯರು ಕೂತು, ಎಲೆ ಯಾರಿಗೆ ಮಾಡಿಕೊಟ್ಟದ್ದೆಂದು ಮಾಡಿದವರೇ ಬರೆದುಕೊಡಲಿ, ಹೆಸರು ಅದರ ಜೊತೆಗೇ ಹೋಗಲಿ ಎಂದರು.

ಶೇಖರ ಮೊದಲು ಬಂದ. ಮುಲುಂಡಿನ ಹೊಸ ಫ್ಲ್ಯಾಟಿನ ಕೋಣೆಯಲ್ಲಿ ಕೂತು, ನೀರೂ ಮುಟ್ಟದೆ ಹೇಳಿದ. "ಅಕ್ಕ, ಹೆಸರು ನಂದು. ನೀರುದೋಸೆ ಮೇಲೆ ಹಾಕುವ ಅಂತ ನಿಮ್ಮ ಜೊತೆ ಕೂತು ಮಾತಾಡಿದ್ದು ನಾನು. ಅಣ್ಣ ಪೈಂಟರಿಗೆ ಕೊಡುವ ಅಂತಿದ್ದರು. ನಿಮಗೇ ಕೊಡಬೇಕು ಅಂತ ಹಠ ಹಿಡಿದದ್ದು ನಾನು. ನಿಮಗೆ ಗೊತ್ತಿಲ್ವಾ?"

ಅವರಿಗೆ ಗೊತ್ತಿತ್ತು. ಅವನು ಹೇಳಿದ ಪ್ರತಿಯೊಂದು ಮಾತೂ ನಿಜ. ಆ ಹೊತ್ತಿನಲ್ಲಿ ಅವನಿಗೊಂದು ಹಾಳೆ ಬರೆದುಕೊಟ್ಟುಬಿಡಬೇಕು ಎಂದು ಅವರಿಗೆ ಅನ್ನಿಸಿತಂತೆ. ಆದರೆ ಅವರು ಹೇಳಿದ್ದು ಬೇರೆ.

"ಶೇಖರ, ಹೆಸರು ನಿಮ್ಮದೇ, ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಎಲೆ ಯಾರಿಗೆ ಮಾಡಿಕೊಟ್ಟೆ ಅಂದ್ರೆ ಮಾತ್ರ, ಕೆಲಸ ಒಪ್ಪಿಸಿದವರೂ ದುಡ್ಡು ಕೊಟ್ಟವರೂ ದೂಜಣ್ಣ. ನಾನು ಬರೆಯೋದಾದ್ರೆ ಇದನ್ನೇ ಬರೀಬೇಕಾಗುತ್ತೆ."

"ಅಂದ್ರೆ ದುಡ್ಡು ಕೊಟ್ಟವರ ಪರ."

"ಪರ ಅಲ್ಲಪ್ಪಾ. ನಡೆದದ್ದು ಅದು. ನಿಮಗೆ ಹೊಸದೊಂದು ಗುರುತು ಮಾಡಿಕೊಡ್ತೀನಿ. ಇದಕ್ಕಿಂತ ಚೆನ್ನಾಗಿ."

"ಎಷ್ಟಾಗ್ತದೆ?"

ಅವರು ಬೆಲೆ ಹೇಳಿದರು. ಹನ್ನೆರಡು ಸಾವಿರ. ಅಂಥ ಒಂದು ಹೋಟೆಲಿಗೆ ಆಗ ಯಾರಿಗಾದರೂ ಹೇಳುತ್ತಿದ್ದ ಬೆಲೆ ಅದೇ. ಒಂದು ವರ್ಷದಲ್ಲಿ ತುಸು ತುಸುವಾಗಿ ಕೊಟ್ಟರೂ ಆದೀತು ಎಂದರು. ಶೇಖರ ಬೇಡವೆಂದು ತಲೆಯಾಡಿಸಿ ಎದ್ದು ಹೋದ.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಜಯಸಿಂಹ ಹೊರಗೆ ಬಂದರು. "ಪಾಪ, ಅವನಿಗೆ ಬಿಟ್ಟಿಯಾಗೇ ಮಾಡಿಕೊಡಬಹುದಿತ್ತಲ್ಲೇ. ನಿನಗೀಗ ಏನು ಕೊರತೆ?"

"ಬಿಟ್ಟಿ ಮಾಡಿಕೊಟ್ರೆ ನಾನು ಅವರ ಕೈಬಿಟ್ಟದ್ದಕ್ಕೆ ಪರಿಹಾರ ಕೊಟ್ಟ ಹಾಗಾಗುತ್ತೆ," ಎಂದರು ಸುಮಿತ್ರಾ. "ನಾನು ಕೈಬಿಟ್ಟಿಲ್ಲ." ಹೇಳಿದರೇ ವಿನಾ, ಆ ದಿನ ಅವರಿಗೆ ಊಟ ಸೇರಲಿಲ್ಲ.

ಅದೇ ವಾರ ದೂಜಣ್ಣನೂ ಬಂದರು. ಹೆಸರು ಶೇಖರ ಹುಡುಕಿದ್ದು ಎಂಬುದನ್ನೂ ಆ ಹಾಳೆಯಲ್ಲಿ ಸೇರಿಸುತ್ತೇನೆ ಎಂದು ಸುಮಿತ್ರಾ ಹೇಳಿದಾಗ ಅವರು ಮುಖ ಗಂಟಿಕ್ಕಿದರು, ಆದರೆ ಬೇಡವೆನ್ನಲಿಲ್ಲ. ನಡೆದದ್ದನ್ನು ಬರೆದುಕೊಡುವುದಕ್ಕೆ ದುಡ್ಡಿಲ್ಲ, ಇನ್ನು ಮುಂದೆ ಎಷ್ಟು ಹೋಟೆಲಿಗೆ ಬೇಕಾದರೂ ಎಲೆ ನಿಮ್ಮದು ಎಂದು ಬರೆದುಕೊಡುವುದಕ್ಕೆ ಎಂಟು ಸಾವಿರ ಎಂದರು ಸುಮಿತ್ರಾ. ದೂಜಣ್ಣ ಈ ಸಲ ಕುರ್ಚಿಯಿಂದ ಏಳಲಿಲ್ಲ. ಚೆಕ್ಕು ಬರೆದರು. ಸಹಿ ಹಾಕಿ ತಲೆ ಎತ್ತಿ, "ಅವ ಬಂದಿದ್ನಾ? ಚೆಂದ ಇದ್ದಾನಾ?" ಎಂದು ಕೇಳಿದರು. ಇದ್ದಾರೆ ಎಂದರು ಸುಮಿತ್ರಾ.

ಶೇಖರ ಮರಳಿ ಬರಲಿಲ್ಲ. ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ಯಾವುದೋ ರೆಡಿಮೇಡ್ ಹೂವು ಹಾಕಿಸಿ, 'ಹೋಟೆಲ್ ವಾರಿಜಾ' ಎಂದು ಹೆಂಡತಿಯ ಹೆಸರಿನಲ್ಲಿ ಬೋರ್ಡು ಬರೆಸಿದ. ಮುನ್ನೂರು ರೂಪಾಯಿಯೂ ಖರ್ಚಾಗಿರಲಾರದು. ಅಕ್ಷರಗಳು ಒಂದಕ್ಕೊಂದು ತಾಗುತ್ತಿದ್ದವು, ಹೂವಿಗೂ ಹೆಸರಿಗೂ ಸಂಬಂಧವಿರಲಿಲ್ಲ. ಆ ರಸ್ತೆಯಲ್ಲಿ ಹೋಗಿಬರುವಾಗೆಲ್ಲ ಸುಮಿತ್ರಾ ಅದನ್ನು ನೋಡುತ್ತಿದ್ದರು. ಹೋಟೆಲು ಸೊರಗುತ್ತದೆ ಎಂದು ಅವರು ಎಣಿಸಿದ್ದರೋ ಏನೋ, ನಾನು ಕೇಳಲಿಲ್ಲ. ಸೊರಗಲಿಲ್ಲ. ಬೆಳಿಗ್ಗೆ ಬಾಗಿಲಾಚೆಗೂ ಜನ ನಿಂತಿರುತ್ತಿದ್ದರು.

೧೯೯೩ರ ಕೊನೆಯಲ್ಲಿ ಒಂದು ದಿನ ನಾನು ಒಂದು ಪ್ರೂಫು ತೋರಿಸಲು ಮುಲುಂಡಿಗೆ ಹೋಗಿದ್ದಾಗ, "ಬನ್ನಿ, ಕಾಫಿ ಕುಡಿಯೋಣ," ಎಂದು ಅವರೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮೊದಲ ಸಲ ಒಳಗೆ ಕಾಲಿಡುತ್ತಿದ್ದೇನೆ ಎಂದರು. ಶೇಖರ ಗಲ್ಲಾದಲ್ಲಿದ್ದ. ನೋಡಿದವನು ಒಂದು ಕ್ಷಣ ತಡೆದು, ಎದ್ದು ಬಂದು ಮೇಜನ್ನು ತಾನೇ ಒರೆಸಿದ.

"ಎಂತ ಕೊಡ್ಲಿ ಅಕ್ಕ?"

"ಏನು ಚೆನ್ನಾಗಿದೆ?"

"ಕಡ್ಲೆ ಅವಲಕ್ಕಿ ತಗೊಳ್ಳಿ. ಈಗ ಅದೇ ಹೆಚ್ಚು ಹೋಗುವುದು."

ತಿಂದೆವು. ಚೆನ್ನಾಗಿತ್ತು. ಸುಮಿತ್ರಾ ಸುತ್ತಲೂ ನೋಡಿದರು. ಖಾಲಿ ಮೇಜು ಒಂದೂ ಇರಲಿಲ್ಲ. ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. "ನಾನು ಹೇಳಿದ ಬೆಲೆ ಸರಿಯಾಗೇ ಇತ್ತು ಸಿದ್ದರಾಮಪ್ಪನವರೇ. ಇವರು ಬೇಡ ಅಂದದ್ದೂ ಸರಿಯಾಗೇ ಇತ್ತು. ಇವರಿಗೆ ಬೇಕಾದದ್ದು ನನ್ನ ಹತ್ರ ಇರಲಿಲ್ಲ."

ಕೈತೊಳೆದು ಬಂದಾಗ ಮಾಣಿ ಬಿಲ್ಲು ತಂದಿಟ್ಟಿದ್ದ. ಒಂದು ಪೈಸೆಯನ್ನೂ ಬಿಟ್ಟಿರಲಿಲ್ಲ. ಸುಮಿತ್ರಾ ದುಡ್ಡಿಟ್ಟರು. ಹೊರಡುವಾಗ ಶೇಖರ ಗಲ್ಲಾದಿಂದಲೇ, "ಬರ್ತಾ ಇರಿ ಅಕ್ಕ," ಎಂದ. ಗಲ್ಲಾದ ಪಕ್ಕ ಆಡುತ್ತಿದ್ದ ಅವನ ಮಗುವಿನ ಹೆಸರೇನು ಎಂದು ಅವರು ಕೇಳಿದರು. ವಿನೋದಿನಿ ಎಂದ. ಮುಂದಿನ ತಿಂಗಳು ಮಗಳು ವಿಮಲಾಳನ್ನೂ ಕರೆದುಕೊಂಡು ಬರುವುದಾಗಿ ಹೇಳಿ ಅವರು ಮನೆಯ ಕಡೆ ನಡೆದರು, ನಾನು ಸ್ಟೇಷನ್ನಿಗೆ ಹೋದೆ.